ಮೂರನೇ ಚುಕ್ಕಿ

ಜನವರಿ 9

ಲೇತ್ ಮಾಮನಿಗೆ,

ಈ ಕೈಬರಹ ನಿಮಗೆ ಗುರುತು ಸಿಗುವುದಿಲ್ಲ. ನಿಮ್ಮ ಅಂಗಡಿಯಲ್ಲಿ ಬೋರಲು ಹಾಕಿದ ಡ್ರಮ್ಮಿನ ಮೇಲೆ ಕೂತು, ಲೇತಿನಿಂದ ಸುರುಳಿಯಾಗಿ ಬೀಳುತ್ತಿದ್ದ ಹಿತ್ತಾಳೆ ಸಿಪ್ಪೆಯನ್ನು ಬಳೆ ಮಾಡಿಕೊಳ್ಳಲು ಹೋಗಿ ಕೈ ಕುಯ್ದುಕೊಳ್ಳುತ್ತಿದ್ದ ಹುಡುಗಿ ನೆನಪಿದ್ದಾಳಾ? ಅವಳೇ ನಾನು, ನಿಮ್ಮ ಗೆಳೆಯ ಡ್ರೈವರನ ಮಗಳು. ಆಗ ಒಂಬತ್ತು ವರ್ಷ, ಈಗ ನಲವತ್ತು. ಬಸ್ ಡಿಪೋದಲ್ಲಿ ಫಿಟ್ಟರ್ ಆಗಿದ್ದೇನೆ. ಕೈ ಕುಯ್ದುಕೊಳ್ಳುವುದು ಮಾತ್ರ ಇನ್ನೂ ಬಿಟ್ಟಿಲ್ಲ.

ನಿಮ್ಮ ವಿಳಾಸ ಸಿಕ್ಕಿದ್ದು ಹಳೇ ಬೇರಿಂಗ್ ಅಂಗಡಿಯ ಮುದುಕನಿಂದ. ಮೂವತ್ತೊಂದು ವರ್ಷದ ಮೇಲೆ ಪತ್ರ ಬರೆದು ನೇರ ಕೆಲಸದ ವಿಷಯಕ್ಕೆ ಇಳಿಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅಪ್ಪನ ಲಾರಿ ಸಿಕ್ಕಿದೆ. ಅದೇ ಗುಂಡು ಮೂತಿಯ ಲಾರಿ. ಮರದ ಡಿಪೋದ ಹಿಂದೆ, ತಗಡಿನ ಚಪ್ಪರದ ಕೆಳಗೆ ಇಷ್ಟು ವರ್ಷ ಬಿದ್ದಿತ್ತು. ಎಡಗಡೆ ಕ್ಯಾಬಿನ್ ಒಳಕ್ಕೆ ಕುಸಿದಿದ್ದು ಹಾಗೇ ಇದೆ, ಆ ಬಾಗಿಲು ಇವತ್ತಿಗೂ ತೆರೆಯುವುದಿಲ್ಲ. ಚಿಕ್ಕಪ್ಪ ಕೂತಿದ್ದ ಕಡೆ. ನಾನು ಆ ಕಡೆ ಹೋದಾಗಲೆಲ್ಲ ಸುಮ್ಮನೆ ಮೂತಿಯ ಕಡೆಯಿಂದ ಸುತ್ತಿ ಬರುತ್ತೇನೆ.

ಮಾಮ, ಅಪ್ಪನಿಗೆ ಎಪ್ಪತ್ತಮೂರು. ಆ ಇಳಿಜಾರಿನಲ್ಲಿ ತಮ್ಮನನ್ನು ಕಳಕೊಂಡ ಮೇಲೆ ಅವರು ಸ್ಟೀರಿಂಗ್ ಮುಟ್ಟಿಲ್ಲ ಎಂಬುದು ನಿಮಗೆ ಗೊತ್ತೋ ಇಲ್ಲವೋ. ಮರುದಿನ ಇನ್ಸ್‌ಪೆಕ್ಟರ್ ಬಂದು ಪೆಡಲ್ ಒತ್ತಿ ನೋಡಿದ, ಬ್ರೇಕ್ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಆಮೇಲೆ ಬರೆದದ್ದು ಒಂದೇ ಮಾತು: ಡ್ರೈವರ್ ನಿದ್ದೆ ಹೋಗಿದ್ದಾನೆ. ಅಜ್ಜಿ ಅದನ್ನೇ ನಂಬಿದಳು. ಹದಿನಾಲ್ಕು ವರ್ಷ ಒಂದೇ ಮನೆಯಲ್ಲಿದ್ದು ಮಗನ ಜೊತೆ ಒಂದು ಮಾತೂ ಆಡದೆ ಸತ್ತಳು. ಕೊನೆಕೊನೆಗೆ ಅಪ್ಪನೂ ಅದನ್ನೇ ನಂಬಿದರು. ಈಗ ಅವರಿಗೆ ಇರುವುದು ಒಂದೇ ಆಸೆ. ಅದೇ ಲಾರಿಯನ್ನು ಅದೇ ಹನ್ನೊಂದು ಕಿಲೋಮೀಟರ್ ಇಳಿಸಿ, ಆ ಕಲ್ಲುಗೋಡೆಯ ತಿರುವಿನಲ್ಲಿ ನಿಲ್ಲಿಸಬೇಕು. ಒಂದು ಸಲ ನಿಲ್ಲಿಸಿದರೆ ಸಾಕು ಅನ್ನುತ್ತಾರೆ.

ಎಂಜಿನ್ ನಾನು ನೋಡಿಕೊಳ್ಳುತ್ತೇನೆ. ಬ್ರೇಕ್ ನನ್ನ ಕೈಗೆ ಹೊಸದು. ನಮ್ಮ ಬಸ್ಸುಗಳದ್ದೆಲ್ಲ ಗಾಳಿ ಬ್ರೇಕ್, ಇದು ಎಣ್ಣೆಯದು. ಸಾಮಾನು ಎಲ್ಲೂ ಸಿಗುತ್ತಿಲ್ಲ. ನಿಮ್ಮನ್ನು ಬಿಟ್ಟು ಯಾರನ್ನು ಕೇಳಲಿ?

ನಿಮ್ಮ,
ಡ್ರಮ್ಮಿನ ಮೇಲಿನ ಹುಡುಗಿ


ಫೆಬ್ರವರಿ 2

ಮಗಳೇ,

ಪತ್ರ ಬಂದು ಎರಡು ವಾರ ಆಯಿತು. ಕೈ ನಡುಗುತ್ತದೆ, ಬರೆಯುವುದು ನಿಧಾನ. ಫೋನ್ ನಂಬರ್ ಕೇಳಬೇಡ. ನಲವತ್ತು ವರ್ಷ ಲೇತಿನ ಪಕ್ಕ ನಿಂತ ಕಿವಿ, ಎದುರಿಗೆ ನಿಂತು ಕೂಗಿದರೂ ಅರ್ಧವೇ ಕೇಳಿಸುವುದು.

ಚಕ್ರದ ಸಿಲಿಂಡರ್‌ಗಳಿಗೆ ಬೇಕಾದ ರಬ್ಬರ್ ಬಟ್ಟಲು ಒಂದೂಕಾಲು ಇಂಚಿನದ್ದು. ಅಂದರೆ ಮೂವತ್ತೊಂದು ಮುಕ್ಕಾಲು ಮಿಲಿಮೀಟರ್. ಅಂಗಡಿಯವನು ಮೂವತ್ತೆರಡು ಕೊಟ್ಟು ‘ಎಲ್ಲಾ ಒಂದೇ’ ಎಂದರೆ ಅವನ ಮುಖಕ್ಕೇ ವಾಪಸ್ ಎಸೆ. ಕಾಲು ಮಿಲಿಮೀಟರ್ ಚಿಕ್ಕದಲ್ಲ. ಎಂಟು ಬಟ್ಟಲು ನನ್ನ ಹತ್ತಿರ ಇದ್ದವು, ಈ ಪೊಟ್ಟಣದಲ್ಲಿವೆ. ಎಂಜಿನ್ ಎಣ್ಣೆ ಮೆತ್ತಿದ ಕೈಯಿಂದ ಮುಟ್ಟಬೇಡ, ಉಬ್ಬಿ ಹಾಳಾಗುತ್ತವೆ. ಡ್ರಮ್ಮಿಗೆ ಉಜ್ಜುವ ಬ್ರೇಕ್ ಲೈನಿಂಗಿನ ಅಳತೆ ಹಿಂದಿನ ಹಾಳೆಯಲ್ಲಿ ಬರೆದಿದ್ದೇನೆ.

ಮಾಸ್ಟರ್ ಸಿಲಿಂಡರ್ ಯಾವುದು ಇದೆ ಅದರಲ್ಲಿ? ಪೆಡಲ್ ಕೆಳಗೆ ಇರುವುದು, ನಾಲ್ಕೂ ಚಕ್ರಕ್ಕೆ ಎಣ್ಣೆ ದೂಡುವುದು. ಹಳೇದೇ ಇದ್ದರೆ ಗುಜರಿಗೆ ಹಾಕು. ಎಲ್ಲಿಂದಾದರೂ ಬೇರೆ ಹುಡುಕು.

ಅಪ್ಪನಿಗೆ ಹೇಳು, ಎಂದು ಬರೆದೆ. ಏನು ಹೇಳಬೇಕು ಎಂದು ಹೊಳೆಯಲಿಲ್ಲ. ಬಿಡು.

ಇಂತಿ,
ಲೇತ್ ಮಾಮ


ಫೆಬ್ರವರಿ 20

ಮಾಮ,

ಅಪ್ಪ ನಿಮ್ಮ ಪತ್ರವನ್ನು ಮೂರು ಸಲ ಓದಿಸಿಕೊಂಡರು. “ಕಾಲು ಮಿಲಿಮೀಟರ್ ಚಿಕ್ಕದಲ್ಲ ಅಂತ ಬರ್ದಿದಾನಾ? ಅವನೇ ಕಣೇ, ಅವನೇ” ಎಂದು ತೊಡೆ ತಟ್ಟಿಕೊಂಡು ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ಮದುವೆಯಾಗಿ ಗಂಡನನ್ನು ಬಿಟ್ಟು ಬಂದ ಮೇಲೆ ನೋಡಿರಲಿಲ್ಲ. ನೀವು ಆ ತಿಂಗಳೇ ಅಂಗಡಿ ಮುಚ್ಚಿಕೊಂಡು ಹೋದಿರಲ್ಲ, ನೀವೂ ತನ್ನನ್ನು ಕೊಲೆಗಾರ ಅಂದುಕೊಂಡಿರಿ ಎಂದೇ ಅಪ್ಪ ಇಷ್ಟು ವರ್ಷ ತಿಳಿದಿದ್ದರು. ಈಗ ಎಂಟು ರಬ್ಬರ್ ಬಟ್ಟಲು ಕಳಿಸಿ ಆ ಮುಳ್ಳು ತೆಗೆದುಬಿಟ್ಟಿರಿ.

ಸಾಮಾನಿನ ಕಥೆ ಕೇಳಿ. ಇಲ್ಲಿ ಹಳೇ ಲಾರಿ ಸಾಮಾನು ಇಟ್ಟಿರುವವನು ಒಬ್ಬನೇ. ಅಳಿದೂರಿಗೆ ಉಳಿದವನೇ ಗೌಡ ಅನ್ನುವ ಹಾಗೆ ಕುರ್ಚಿಯಿಂದ ಏಳುವುದೂ ಇಲ್ಲ, ಬೆರಳಲ್ಲಿ ಕಪಾಟು ತೋರಿಸಿ ‘ಹುಡುಕ್ಕೊಳ್ಳಿ’ ಅನ್ನುತ್ತಾನೆ. ಎರಡು ಶನಿವಾರ ಅವನ ಧೂಳು ಕುಡಿದು ಹಿಂದಿನ ಚಕ್ರದ ಸ್ಪ್ರಿಂಗು, ತಾಮ್ರದ ಕೊಳವೆ, ಒಂದು ಜೊತೆ ಬ್ರೇಕ್ ಶೂ ಹಿಡಿದುಕೊಂಡು ಬಂದೆ. ಶೂ ಎಡದ್ದು ಎರಡು! ಬಲದ್ದಕ್ಕೆ ಮತ್ತೊಂದು ಶನಿವಾರ.

ಇನ್ನು ನೀವು ಗುಜರಿಗೆ ಹಾಕು ಎಂದ ಮಾಸ್ಟರ್ ಸಿಲಿಂಡರ್. ಮಾಮ, ಅದು ನಿಮ್ಮದೇ! ಕೆಸರು ಕೆರೆದು ನೋಡಿದರೆ ಅಂಚಿನಲ್ಲಿ ಸಾಲಾಗಿ ಮೂರು ಚುಕ್ಕಿ, ಪಂಚಿನಿಂದ ಹೊಡೆದದ್ದು. ನಾನು ಚಿಕ್ಕವಳಿದ್ದಾಗ ನೀವೇ ಹೇಳಿಕೊಟ್ಟಿದ್ದು: ಅಳತೆ ನೋಡಿದ ಮೇಲೆ ಒಂದು ಚುಕ್ಕಿ, ಕೂರಿಸಿದ ಮೇಲೆ ಎರಡನೆಯದು, ತಂತಿ ತೂರಿಸಿ ಪರೀಕ್ಷೆ ಮಾಡಿದ ಮೇಲೆ ಮೂರನೆಯದು. ಮೂರು ಚುಕ್ಕಿ ಬಿದ್ದ ಮೇಲೆ ಬ್ರಹ್ಮನೂ ಕೈ ಹಾಕಬೇಕಿಲ್ಲ ಅನ್ನುತ್ತಿದ್ದಿರಿ. ಒಳಗೋಡೆಗೆ ಅಂಗಿಯ ತೋಳಿನ ಹಾಗೆ ನೀವು ತೊಡಿಸಿದ ಹಿತ್ತಾಳೆ ತೋಳು ಕನ್ನಡಿಯ ಹಾಗಿದೆ, ಒಂದು ಗೀರಿಲ್ಲ. ರಬ್ಬರ್ ಬದಲಿಸಿ ಅದನ್ನೇ ಕೂರಿಸುತ್ತಿದ್ದೇನೆ. ಇಡೀ ಲಾರಿಯಲ್ಲಿ ನನ್ನ ನಿದ್ದೆ ಕೆಡಿಸದ ಸಾಮಾನು ಅಂದರೆ ಅದೊಂದೇ.

ಇನ್ನೊಂದು ಮಾತು. ಬ್ರೇಕ್ ಮಾಡಿದವನು ಮೊದಲ ಟ್ರಿಪ್ಪಿನಲ್ಲಿ ಡ್ರೈವರ್ ಪಕ್ಕ ಕೂರಬೇಕು ಎಂಬುದು ನಿಮ್ಮೆಲ್ಲರ ಪದ್ಧತಿ ಅಲ್ಲವೇ? ಅಪ್ಪ ನೆನಪಿಸಿದರು. ‘ಅವನಿಗೆ ಬರೆ, ಪಕ್ಕದ ಸೀಟು ಅವನದು’ ಎಂದರು. ಬರುತ್ತೀರಾ?

ನಿಮ್ಮ ಹುಡುಗಿ


ಫೆಬ್ರವರಿ 27

ಮಗಳೇ,

ಆ ಸಿಲಿಂಡರ್ ಹಾಕಬೇಡ. ಹಿತ್ತಾಳೆಗೂ ವಯಸ್ಸಾಗುತ್ತದೆ. ಹೊರಗೆ ಕನ್ನಡಿಯ ಹಾಗೆ ಕಂಡರೂ ಒಳಗೆ ಸತ್ತಿರುತ್ತದೆ. ನಾನು ಹೊಸದೊಂದು ಮಾಡುತ್ತಿದ್ದೇನೆ. ಇಲ್ಲಿ ಬೀದಿಯ ಕೊನೆಗೆ ನೀರಿನ ಪಂಪು ರಿಪೇರಿ ಮಾಡುವವನ ಲೇತು ಇದೆ, ಮಧ್ಯಾಹ್ನ ಅವನು ಊಟಕ್ಕೆ ಹೋದಾಗ ಎರಡು ಗಂಟೆ ಬಿಟ್ಟುಕೊಡುತ್ತಾನೆ. ನಡುಗುವ ಕೈ ಲೇತಿನ ಹಿಡಿಯ ಮೇಲೆ ಬಿದ್ದರೆ ನಿಲ್ಲುತ್ತದೆ, ಯಾಕೋ ಗೊತ್ತಿಲ್ಲ. ಮೂರು ವಾರದಲ್ಲಿ ಕಳಿಸುತ್ತೇನೆ. ಅದು ಬರುವವರೆಗೆ ಲಾರಿಯನ್ನು ಶೆಡ್ಡಿನಿಂದ ಆಚೆ ತೆಗೆಯಬೇಡ.

ಬರುವುದಕ್ಕೆ ಆಗುವುದಿಲ್ಲ. ಮಂಡಿ ನೋವು.

ಮಾಮ


ಮಾರ್ಚ್ 29

ಮಾಮ,

ನಿಮ್ಮ ಪೊಟ್ಟಣ ಬಂತು. ಮೊದಲು ನಿಮ್ಮನ್ನು ಬೈಯಬೇಕು, ಆಮೇಲೆ ಸಂತೋಷದ ಸುದ್ದಿ.

ಮೇಜಿನ ಮೇಲೆ ಹಳೇ ಪೇಪರ್ ಹಾಸಿ ಅಪ್ಪನೇ ಬಿಚ್ಚಿದರು. ಕನ್ನಡಕ ಹಾಕಿಕೊಂಡು ತಿರುಗಿಸಿ ಮುರುಗಿಸಿ ನೋಡಿದರು. ಬೆರಳಿನಿಂದ ಅಂಚು ಸವರಿದರು. ಮುಖ ಸಪ್ಪಗಾಯಿತು. “ಎಲ್ಲೇ ಚುಕ್ಕಿ?” ಎಂದರು. ಚುಕ್ಕಿ ಇರಲಿಲ್ಲ. “ಇದು ಅವನ ಕೆಲ್ಸ ಅಲ್ಲ. ಮೂರು ಚುಕ್ಕಿ ಹಾಕ್ದೆ ಅವನು ಒಂದು ಮೊಳೇನೂ ಕೆಳಗೆ ಇಡ್ತಿರಲಿಲ್ಲ. ಯಾರೋ ಮಾಡಿದ್ದನ್ನ ತಂದು ಕಳಿಸಿದಾನೆ, ಕಳಿಸ್ತೀನಿ ಅಂತ ಬರ್ದಿದ್ನಲ್ಲ, ಶಾಸ್ತ್ರಕ್ಕೆ.” ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಕೋಣನ ಮುಂದೆ ಕಿನ್ನರಿ. ಅದನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟು, ಚುಕ್ಕಿ ಇರುವ ಹಳೇದನ್ನೇ ಕೂರಿಸಿದರು. ನಾನು ತಡೆಯಲಿಲ್ಲ. ಸತ್ಯ ಹೇಳಬೇಕೆಂದರೆ ನನಗೂ ಗುರುತಿಲ್ಲದ ಸಾಮಾನಿಗಿಂತ ನಿಮ್ಮ ಚುಕ್ಕಿಯ ಮೇಲೇ ನಂಬಿಕೆ.

ಈಗ ಸಂತೋಷದ ಸುದ್ದಿ. ಬ್ರೇಕ್ ಹಿಡಿಯಿತು! ಎಂಥ ಪೆಡಲ್ ಮಾಮ! ಮೇಲೆಯೇ ಗಟ್ಟಿಯಾಗಿ ನಿಲ್ಲುತ್ತದೆ, ಬೆರಳಷ್ಟೂ ಆಟವಿಲ್ಲ. ಒಂದೊಂದು ಸಲ ಒತ್ತಿದಷ್ಟೂ ಇನ್ನೂ ಮೇಲಕ್ಕೆ ಬರುತ್ತದೆ. ಶೆಡ್ಡಿನ ಸುತ್ತ ನಾಲ್ಕು ಸುತ್ತು ಹೊಡೆದೆವು. ಅಪ್ಪ ಇಳಿದು ಬಂದು ಬಾನೆಟ್ ತಟ್ಟಿ “ಅವತ್ತೂ ಹಿಂಗೇ ಇತ್ತು ಕಣೇ. ಅವನಿಂದ ತಗೊಂಡು ಬಂದ ದಿನ ಹಿಂಗೇ ಗಟ್ಟಿ ಇತ್ತು” ಎಂದರು.

ಚಕ್ರಗಳು ಬೆಚ್ಚಗಾಗಿದ್ದವು. ಹೊಸ ಲೈನಿಂಗ್ ಅಲ್ಲವೇ, ಉಜ್ಜಿ ಹೊಂದಿಕೊಳ್ಳಲಿ.

ಏಪ್ರಿಲ್ ಹದಿನೆಂಟು ಭಾನುವಾರ, ಬೆಳಗ್ಗೆ ಆರಕ್ಕೆ ಇಳಿಜಾರು ಇಳಿಯುವುದು. ನೀವು ಬರುವುದಿಲ್ಲ ಎಂದ ಮೇಲೆ ಪಕ್ಕದ ಸೀಟಿನಲ್ಲಿ ನಾನೇ ಕೂರುತ್ತೇನೆ. ಆ ಬಾಗಿಲು ತೆರೆಯುವುದಿಲ್ಲವಲ್ಲ, ಅಪ್ಪನ ಕಡೆಯಿಂದಲೇ ಹತ್ತಿ ಆಚೆ ಸರಿದುಕೊಳ್ಳಬೇಕು.

ನಿಮ್ಮ ಹುಡುಗಿ


ಏಪ್ರಿಲ್ 5

ಮಗಳೇ,

ಹೊಸದು ನಾನೇ ಮಾಡಿದ್ದು. ನನ್ನ ಕೈಯಿಂದ. ಅಪ್ಪನಿಗೆ ಹೇಳು. ಚುಕ್ಕಿ ಹೊಡೆಯುವುದನ್ನು ಬಿಟ್ಟು ಬಹಳ ವರ್ಷ ಆಯಿತು. ಈ ಊರಿಗೆ ಬಂದ ಮೇಲೆ ಯಾವ ಸಾಮಾನಿಗೂ ಹೊಡೆದಿಲ್ಲ. ಯಾಕೆ ಎಂದು ಕೇಳಬೇಡ. ಹಳೇದನ್ನು ಬಿಚ್ಚಿ ಹೊಸದನ್ನು ಹಾಕು. ಕೈ ಮುಗಿದು ಕೇಳುತ್ತೇನೆ, ಹಾಕು.

ಇಳಿಜಾರಿಗೆ ಹೋಗಲೇಬೇಕಾ? ಅವನಿಗೆ ವಯಸ್ಸಾಗಿದೆ. ಬೇರೆ ರಸ್ತೆ ಇಲ್ಲವೇ?

ಮಾಮ


ಏಪ್ರಿಲ್ 12

ಮಾಮ,

ನಿಮ್ಮ ಪತ್ರವನ್ನು ಅಪ್ಪನಿಗೆ ಓದಬಾರದಿತ್ತು, ಓದಿಬಿಟ್ಟೆ. ‘ಅವನಿಗೆ ವಯಸ್ಸಾಗಿದೆ’ ಎಂಬ ಕಡೆ ತಡೆದರು. “ನೋಡಿದ್ಯಾ? ಸಿಲಿಂಡರ್ ಎಲ್ಲಾ ನೆಪ. ಇವನು ಮತ್ತೆ ನಿದ್ದೆ ಹೋಗ್ತಾನೆ ಅಂತ ಅವನ ಮನಸ್ಸಲ್ಲಿದೆ. ಅವತ್ತೂ ಇತ್ತು, ಇವತ್ತೂ ಇದೆ” ಎಂದು ಎದ್ದು ಹೋದರು. ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಎಂಟು ರಬ್ಬರ್ ಬಟ್ಟಲು ಕೊಟ್ಟು ತೆಗೆದ ಮುಳ್ಳನ್ನು ಒಂದು ಸಾಲಿನಲ್ಲಿ ವಾಪಸ್ ಚುಚ್ಚಿದಿರಿ. ಕೋಪ ಬಂದಿದೆ ನನಗೆ, ಮುಚ್ಚಿಡುವುದಿಲ್ಲ. ಕಾರಣ ಇದ್ದರೆ ಹೇಳಬೇಕು, ಇಲ್ಲದಿದ್ದರೆ ಸುಮ್ಮನಿರಬೇಕು. ಕೇಳಬೇಡ ಎಂದರೆ ಏನರ್ಥ?

ಆದರೂ ಒಂದು ಕೆಲಸದ ವಿಷಯ ಕೇಳಲೇಬೇಕು. ನೀವು ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ.

ನಿನ್ನೆ ಹತ್ತು ಕಿಲೋಮೀಟರ್ ಓಡಿಸಿದೆವು. ಹೋಗುತ್ತ ಹೋಗುತ್ತ ಲಾರಿ ಭಾರವಾಯಿತು, ಯಾರೋ ಹಿಂದಿನಿಂದ ಹಿಡಿದು ಜಗ್ಗಿದ ಹಾಗೆ. ಸುಟ್ಟ ವಾಸನೆ. ನಿಲ್ಲಿಸಿ ಚಕ್ರದ ಬ್ರೇಕ್ ಡ್ರಮ್ಮಿಗೆ ಉಗುಳಿದರೆ ಚೊಂಯ್ ಅಂದಿತು. ವಾಪಸ್ ಬಂದು ಶೆಡ್ಡಿನ ಮುಂದಿನ ಇಳಿಜಾರಿನಲ್ಲಿ ನಿಲ್ಲಿಸಿ, ಗೇರ್ ತೆಗೆದು, ಕೈಬ್ರೇಕ್ ಪೂರ್ತಿ ಬಿಟ್ಟೆ. ಲಾರಿ ಕದಲಲಿಲ್ಲ. ತಳ್ಳಿದರೂ ಕದಲಲಿಲ್ಲ. ಬಿಟ್ಟು ಒಳಗೆ ಹೋಗಿ ಕೈ ತೊಳೆಯುತ್ತಿದ್ದೆ. ಒಂದು ಗಂಟೆ ಆಗಿರಬೇಕು. ಹೊರಗೆ ಜಲ್ಲಿಯ ಸದ್ದಾಯಿತು. ನೋಡಿದರೆ ಲಾರಿ ತಾನಾಗಿಯೇ ಮೆಲ್ಲಗೆ ಹೊರಟಿದೆ, ಒಳಗೆ ಯಾರೂ ಇಲ್ಲ. ಮುಂದಿನ ಚಕ್ರದಿಂದ ಒಂದು ಮಾರು ಆಚೆ ಇಟ್ಟಿದ್ದ ಕಲ್ಲು ತಡೆಯಿತು.

ಲೈನಿಂಗ್ ಎರಡು ಸಲ ಹಿಂದೆ ಸರಿಸಿದ್ದೇನೆ. ಕೊಳವೆ ಸರಿ ಇದೆ. ರಬ್ಬರ್ ನೀವೇ ಕಳಿಸಿದ್ದು. ಅಪ್ಪ ‘ಹೊಸ ಲೈನಿಂಗ್ ವಾಸನೆ, ಹಿಡಿಯೋ ಬ್ರೇಕಿಗೆ ಯಾಕೆ ಹೆದರ್ತೀಯ, ಹಿಡೀದೇ ಇರೋದಕ್ಕೆ ಹೆದರು’ ಅನ್ನುತ್ತಾರೆ. ಮಾತು ಸರಿ ಅನ್ನಿಸುತ್ತದೆ. ಆದರೂ ಸರಿ ಅನ್ನಿಸುವುದಿಲ್ಲ. ಏನಿದು ಮಾಮ?

ಭಾನುವಾರ ಹೊರಡುವುದು ಹೊರಡುವುದೇ. ಅಪ್ಪ ಶರ್ಟು ಇಸ್ತ್ರಿ ಮಾಡಿಸಿಟ್ಟಿದ್ದಾರೆ.

ಹುಡುಗಿ


ಏಪ್ರಿಲ್ 16, ಶುಕ್ರವಾರ

ಮಗಳೇ,

ನಿನ್ನ ಪತ್ರ ಈಗ ಬಂತು. ಅಂಚೆಗೆ ಹಾಕಿದರೆ ಸೋಮವಾರ ತಲುಪುತ್ತದೆ. ಕೆಳಗಿನ ಮನೆಯವರಿಂದ ನಿಮ್ಮ ಡಿಪೋಗೆ ಫೋನ್ ಮಾಡಿಸಿದೆ. ಯಾರೋ ಎತ್ತಿ ‘ಅವರು ರಜೆ’ ಎಂದು ಇಟ್ಟುಬಿಟ್ಟರಂತೆ. ಅದಕ್ಕೇ ಇದನ್ನು ನಿಮ್ಮ ಊರಿನ ಬಸ್ಸಿನ ಡ್ರೈವರ್ ಕೈಯಲ್ಲಿ ಕೊಡುತ್ತಿದ್ದೇನೆ. ‘ನಿಮ್ಮ ಡಿಪೋ ಫಿಟ್ಟರಮ್ಮನ ಮನೆಗೆ ಹೋಗಿ ಕೈಗೇ ಕೊಡಪ್ಪ, ಜೀವದ ವಿಷಯ’ ಎಂದು ಹೇಳುತ್ತೇನೆ. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಹೊರಡಲು ಇನ್ನು ಮುಕ್ಕಾಲು ಗಂಟೆ ಇದೆ.

ಲಾರಿ ಹೊರಡಿಸಬೇಡ. ಕಾರಣ ಇಲ್ಲಿದೆ.

ಮಾಸ್ಟರ್ ಸಿಲಿಂಡರ್‌ನ ಮೇಲೆ ಎಣ್ಣೆ ಡಬ್ಬಿ ಇದೆಯಲ್ಲ, ಅದರ ತಳದಲ್ಲಿ ಎರಡು ತೂತು. ದೊಡ್ಡದು ಎಣ್ಣೆ ಒಳಗೆ ಬರಲು. ಸೂಜಿಮೊನೆಯಷ್ಟು ಇರುವುದು, ಪೆಡಲ್ ಬಿಟ್ಟಾಗ ಎಣ್ಣೆ ವಾಪಸ್ ಡಬ್ಬಿಗೆ ಹೋಗಲು. ಆ ಸಣ್ಣದು ಮುಚ್ಚಿದರೆ ಎಣ್ಣೆ ಒಳಗೇ ಸಿಕ್ಕಿಬೀಳುತ್ತದೆ. ಪೆಡಲ್ ಬಹಳ ಗಟ್ಟಿ ಅನ್ನಿಸುತ್ತದೆ. ಕಾಲು ತೆಗೆದರೂ ಬ್ರೇಕ್ ಬಿಡುವುದಿಲ್ಲ, ಉಜ್ಜುತ್ತದೆ, ಕಾಯುತ್ತದೆ. ಕಾದಷ್ಟೂ ಎಣ್ಣೆ ಹಿಗ್ಗಿ ಇನ್ನೂ ಹಿಡಿಯುತ್ತದೆ. ಹತ್ತು ಕಿಲೋಮೀಟರ್ ಇಳಿಜಾರಿನಲ್ಲಿ ಎಣ್ಣೆ ಕುದಿಯುತ್ತದೆ. ಕುದ್ದ ಎಣ್ಣೆ ಆವಿ. ಆಮೇಲೆ ಪೆಡಲ್ ಒತ್ತಿದರೆ ಕಾಲು ಗಾಳಿಯಲ್ಲಿ ಇಟ್ಟ ಹಾಗೆ ನೆಲದವರೆಗೆ ಹೋಗುತ್ತದೆ. ಮರುದಿನ ತಣ್ಣಗಾದ ಮೇಲೆ ಯಾರು ಬಂದು ಒತ್ತಿ ನೋಡಿದರೂ ಕಲ್ಲಿನ ಹಾಗೆ ಗಟ್ಟಿ ಇರುತ್ತದೆ. ಇನ್ಸ್‌ಪೆಕ್ಟರನಿಗೆ ಇದ್ದ ಹಾಗೆ.

ಹಿತ್ತಾಳೆ ತೋಳನ್ನು ಸಿಲಿಂಡರ್ ಒಳಗೆ ಕೂರಿಸಿದ ಮೇಲೆ ಹಳೇ ತೂತಿನ ಮೂಲಕವೇ ಅದನ್ನು ಕೊರೆಯಬೇಕು. ಮೂಲೆಯಲ್ಲಿ ಕೈ ಹೋಗುವುದಿಲ್ಲ, ಡ್ರಿಲ್ ಮುರಿಯುತ್ತದೆ. ನಾನು ಬುದ್ಧಿವಂತ. ಮೇಜಿನ ಮೇಲೇ ಅಳತೆ ಹಾಕಿ ಮೊದಲೇ ಕೊರೆದು ಆಮೇಲೆ ಕೂರಿಸಿದೆ. ತೋಳಿನ ಬಾಯಿಗೆ ಒಂದೂವರೆ ಮಿಲಿಮೀಟರ್ ಅಂಚು ಇತ್ತು, ಅಳತೆಯಿಂದ ಅದನ್ನು ಕಳೆಯುವುದನ್ನು ಮರೆತೆ. ದೊಡ್ಡ ತೂತಿಗೆ ತೂತು ಅರ್ಧ ಸೇರಿತು. ಸಣ್ಣದು ಸೇರಲೇ ಇಲ್ಲ, ಮುಚ್ಚಿಹೋಯಿತು.

ತಂತಿ ಹಾಕಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಹಾಕಲಿಲ್ಲ. ನಿನ್ನ ಅಪ್ಪ ಅಂಗಡಿ ಬಾಗಿಲಲ್ಲಿ ನಿಂತು ‘ಏನಯ್ಯಾ, ಮಗು ಹೆರ್ತಾ ಇದೀಯಾ?’ ಎಂದು ನಗುತ್ತಿದ್ದ. ನಾನೂ ನಗುತ್ತ ಪಂಚ್ ಎತ್ತಿಕೊಂಡು ಟಕ್ ಟಕ್ ಟಕ್ ಎಂದು ಮೂರೂ ಒಂದೇ ಸಲ ಹೊಡೆದೆ. ಮೂರನೇ ಚುಕ್ಕಿ ಸುಳ್ಳು ಮಗಳೇ.

ಮರುದಿನ ಪಕ್ಕದಲ್ಲಿ ಕೂರಬೇಕಾದವನು ನಾನು. ಬೇರೆಯವರ ಕೆಲಸ ಒಂದು ಅರ್ಧಕ್ಕೆ ನಿಂತಿತ್ತು. ‘ತಮ್ಮನ್ನ ಕರ್ಕೊಂಡು ಹೋಗೋ’ ಎಂದೆ. ನಾನೇ ಎಂದೆ.

ಎರಡು ವಾರದ ಮೇಲೆ ಇನ್ನೊಬ್ಬರ ಸಿಲಿಂಡರ್ ಹಾಗೇ ಮಾಡಿ ತಂತಿ ಹಾಕಿದೆ. ಆಚೆ ಬರಲಿಲ್ಲ. ಲೇತು ನಿಲ್ಲಿಸಿ ನೆಲದ ಮೇಲೆ ಕೂತುಬಿಟ್ಟೆ. ಆಗ ನಿಮ್ಮ ಮನೆ ನಾಲ್ಕು ಬೀದಿ ಆಚೆ ಇತ್ತು. ಹೋಗಿ ಹೇಳಿದ್ದರೆ ಅವನ ತಾಯಿ ಅವನ ಜೊತೆ ಮಾತಾಡುತ್ತಿದ್ದಳು. ಬಾಗಿಲವರೆಗೆ ಒಂದು ಸಲ ಬಂದಿದ್ದೆ. ಒಳಗಿನಿಂದ ಅವಳ ಅಳು ಕೇಳಿಸಿತು. ಅವತ್ತು ನನ್ನ ಕಿವಿ ಚೆನ್ನಾಗಿತ್ತು. ಹೇಡಿತನಕ್ಕೆ ಬೇರೆ ಹೆಸರಿಲ್ಲ.

ಈ ಮೂರು ತಿಂಗಳಲ್ಲಿ ಮೂರು ಪತ್ರ ಬರೆಯುವ ಅವಕಾಶ ಕೊಟ್ಟೆ ನೀನು. ಮೂರರಲ್ಲೂ ರಬ್ಬರು, ಹಿತ್ತಾಳೆ, ಮಂಡಿ ನೋವು ಎಂದು ಬರೆದೆ. ನಿನ್ನನ್ನೂ ಆ ಸೀಟಿನಲ್ಲಿ ಕೂರಿಸುವವರೆಗೆ ಬಾಯಿ ಬಿಡಲಿಲ್ಲ.

ಸಣ್ಣ ತೂತಿಗೆ ತೆಳು ತಂತಿ ಹಾಕಿ ನೋಡು. ಆಮೇಲೆ ಈ ಪತ್ರವನ್ನು ಅಪ್ಪನಿಗೆ ಕೊಡು. ಓದಿ ಹೇಳಬೇಡ, ಅವನೇ ಓದಲಿ. ಬಸ್ಸಿನ ಎಂಜಿನ್ ಶುರು ಮಾಡಿದರು.

ಲೇತ್ ಮಾಮ


ಏಪ್ರಿಲ್ 20

ಗೆಳೆಯ ಎಂದು ಬರೆಯಲು ಹೊರಟೆ, ಕೈ ಬರಲಿಲ್ಲ.

ಶನಿವಾರ ಸಂಜೆ ಪತ್ರ ತಲುಪಿತು. ಮಗಳು ತಂತಿ ಹಾಕಿದಳು. ಆಚೆ ಬರಲಿಲ್ಲ. ನಾನೂ ಹಾಕಿ ನೋಡಿದೆ.

ತಿರುವಿಗೆ ಮುಂಚೆ ನನ್ನ ತಮ್ಮ ಹೇಳಿದ್ದು ಎರಡೇ ಮಾತು. “ಅಣ್ಣಾ, ಒತ್ತು.” ನಾನು ಒತ್ತುತ್ತಿದ್ದೆ. ಎರಡೂ ಕಾಲಿನಿಂದ ಒತ್ತುತ್ತಿದ್ದೆ. ನನಗೆ ಚೆನ್ನಾಗಿ ನೆನಪಿತ್ತು. ಎಲ್ಲರೂ ನಿದ್ದೆ ನಿದ್ದೆ ಎಂದು ಹೇಳಿ ಹೇಳಿ, ಇಷ್ಟು ವರ್ಷದಲ್ಲಿ ಆ ನೆನಪೇ ಕನಸು, ನಾನು ಒತ್ತಿರಲಿಲ್ಲ ಎಂದು ಒಪ್ಪಿಕೊಂಡುಬಿಟ್ಟಿದ್ದೆ. ನನ್ನ ಅಮ್ಮ ಕೊನೆಯ ದಿನ ಗೋಡೆಯ ಕಡೆ ತಿರುಗಿ ಮಲಗಿದ್ದಳು. ನಾನು ಹಾಸಿಗೆಯ ಪಕ್ಕ ಕೂತಿದ್ದೆ. ತಿರುಗಲಿಲ್ಲ. ಇದನ್ನು ನೀನು ತಿಳಿದುಕೊಂಡಿರಬೇಕು.

ಭಾನುವಾರ ಹೋಗಲಿಲ್ಲ. ಮೊದಲ ಟ್ರಿಪ್ ಇನ್ನೂ ಆಗಿಲ್ಲ. ಬ್ರೇಕ್ ಮಾಡಿದವನು ಪಕ್ಕದಲ್ಲಿ ಕೂರಬೇಕು. ಮೂವತ್ತೊಂದು ವರ್ಷದಿಂದ ಆ ಟ್ರಿಪ್ ಬಾಕಿ ಇದೆ.

ಬಿಚ್ಚಿದ್ದ ಹಳೇ ಸಿಲಿಂಡರನ್ನು ವಾಪಸ್ ಕೂರಿಸಿದ್ದೇನೆ. ನೀನು ಕಳಿಸಿದ್ದು ಕಪಾಟಿನಲ್ಲಿದೆ. ಯಾವುದರ ಮೇಲೆ ಇಳಿಯುವುದು ಎಂದು ಇನ್ನೂ ತೀರ್ಮಾನ ಮಾಡಿಲ್ಲ. ಬಾ.

ಡ್ರೈವರ್

(ಇದೇ ಲಕೋಟೆಯಲ್ಲಿ, ಟಿಕೆಟ್ ಪುಸ್ತಕದ ಹಿಂಬದಿಯ ಒಂದು ಚೂರು:)

ಅಪ್ಪ ಅಂಟಿಸುವ ಮೊದಲು ಇದನ್ನು ತೂರಿಸುತ್ತಿದ್ದೇನೆ. ಬರಬೇಡಿ. ನಿಮ್ಮ ಮೇಲಿನ ಪ್ರೀತಿಯಿಂದ ಹೇಳುತ್ತಿಲ್ಲ. ನಿಮ್ಮ ಬಗ್ಗೆ ಏನನ್ನಿಸುತ್ತಿದೆ ಎಂದು ನನಗೇ ತಿಳಿಯುತ್ತಿಲ್ಲ, ಅತ್ತು ಅತ್ತು ಸಾಕಾಗಿದೆ. ಅಪ್ಪನ ಬಗ್ಗೆ ಹೆದರಿಕೆ. ಲಾರಿ ಕೀಲಿ ಜೇಬಿನಲ್ಲೇ ಇರುತ್ತದೆ, ಉಣ್ಣುವಾಗಲೂ ಕೆಳಗಿಡುವುದಿಲ್ಲ. ಶೆಡ್ಡಿಗೆ ನನ್ನನ್ನು ಸೇರಿಸುವುದಿಲ್ಲ. ನಿನ್ನೆ ಇಡೀ ದಿನ ಒಬ್ಬರೇ ಕ್ಯಾಬಿನ್ನಿನಲ್ಲಿ ಕೂತು ಪೆಡಲ್ ಒತ್ತುತ್ತಿದ್ದರು, ಒತ್ತಿ ಬಿಡುವುದು, ಒತ್ತಿ ಬಿಡುವುದು. ಮುಖ ಶಾಂತವಾಗಿದೆ. ಆ ಶಾಂತಿಯೇ ನನಗೆ ಬೇಡವಾಗಿದೆ.


ಏಪ್ರಿಲ್ 25

ಮಗಳೇ,

ಇದನ್ನೂ ಆ ಬಸ್ಸಿನ ಡ್ರೈವರ್ ಕೈಯಲ್ಲೇ ಕಳಿಸುತ್ತಿದ್ದೇನೆ. ಬುಧವಾರ ಬೆಳಗಿನ ಬಸ್ಸಿಗೆ ಹತ್ತುತ್ತೇನೆ, ಸಂಜೆ ಐದಕ್ಕೆ ಅಲ್ಲಿರುತ್ತೇನೆ. ನಿಲ್ದಾಣಕ್ಕೆ ಯಾರೂ ಬರಬೇಡಿ. ಮಂಡಿ ನೋವು ಎಂದಿದ್ದು ಸುಳ್ಳು, ನಡೆದು ಬರುತ್ತೇನೆ.

ಪಂಚು, ಸುತ್ತಿಗೆ, ಒಂದು ಮೊಳ ತಂತಿ ಚೀಲದಲ್ಲಿವೆ. ಅವನು ಒಂದು ಗಂಟೆ ಕೊಟ್ಟರೆ ಹಳೇದನ್ನು ಬಿಚ್ಚಿ ಹೊಸದನ್ನು ಕೂರಿಸುತ್ತೇನೆ. ಅವನ ಕಣ್ಣೆದುರೇ ತಂತಿ ಹಾಕಿ, ಆಚೆ ಬಂದದ್ದನ್ನು ಅವನ ಕೈಯಿಂದಲೇ ಮುಟ್ಟಿಸಿ, ಆಮೇಲೆ ಮೂರನೆಯದನ್ನು ಹೊಡೆಯುತ್ತೇನೆ. ಕೊಡದಿದ್ದರೆ ಕೇಳುವುದಿಲ್ಲ. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಯಾವುದರ ಮೇಲೆ ಇಳಿಸಿದರೂ ನಾನು ಪಕ್ಕದಲ್ಲಿ ಕೂತಿರುತ್ತೇನೆ, ನಡುವೆ ನಿಲ್ಲಿಸು ಎಂದು ಬಾಯಿ ಬಿಡುವುದಿಲ್ಲ. ನೀನು ಮಾತ್ರ ಹತ್ತಬಾರದು. ಇದೊಂದು ಮಾತು ನನಗೆ ಕೊಡು.

ನಿನ್ನ ಚೀಟಿಯ ವಿಷಯ ಅವನಿಗೆ ಹೇಳುವುದಿಲ್ಲ. ಹೆದರಬೇಡ ಎಂದು ಬರೆಯಲಾರೆ, ನನಗೂ ಹೆದರಿಕೆ ಇದೆ.

ನಾನು ಅವನ ಕಡೆಯಿಂದ ಹತ್ತಿ ಆಚೆ ಸರಿಯುವುದಿಲ್ಲ. ಬುಧವಾರದೊಳಗೆ ಹೇಗಾದರೂ ಮಾಡಿ ಎಡಗಡೆ ಬಾಗಿಲನ್ನು ಬಿಡಿಸಿಡು.

ಲೇತ್ ಮಾಮ